ಪುಲ್ಗಾ ಹೊತ್ತ ಉಬ್ಬಸ

"ಕೆಮ್ತು! ನಾಯಿ ಕೆಮ್ತು ಕಣೇ ನೆರೈದಾ! ಮಾತೆ ಮರಿಯಾ… ನನ್ ಕಣ್ಣೆದುರಿಗೇ ಕೆಮ್ತು!"

ಹೆಗಲ ಮೇಲಿನ ಚೀಲ ಇಳಿಸುವುದಕ್ಕೂ ಬಿಡದೆ ಅತ್ತೆ ಬ್ಲಾಸಿನಾ ಸೊಸೆಯ ರಟ್ಟೆ ಹಿಡಿದು ಒಳಗೆಳೆದಳು. ಶನಿವಾರದ ಮಧ್ಯಾಹ್ನ, ಒಲೆಯ ಮೇಲೆ ತೊಗರಿಕಾಳಿನ ಅನ್ನ ತಳ ಹಿಡಿಯುತ್ತಿತ್ತು, ಅದರ ಕಡೆ ಯಾರಿಗೂ ಗಮನವಿಲ್ಲ. ಮುದುಕಿಯ ಕಣ್ಣಲ್ಲಿ ನೀರು, ಮುಖದ ತುಂಬಾ ನಗು! ಮಂಚದ ಮೇಲೆ ಏಳು ವರ್ಷದ ಮೊಮ್ಮಗಳು ಯಾರಿಲಿಸ್, ಮನೆಯವರ ಬಾಯಲ್ಲಿ ಯಾರಿ, ಕುಳಿತಿದ್ದಳು, ಅವಳ ಮಡಿಲಲ್ಲಿ ಅಂಗೈಯಗಲದ ಆ ಚಿವಾವ ನಾಯಿ. ಪುಲ್ಗಾ ಅಂದರೆ ಚಿಗಟ. ಗಾತ್ರ ನೋಡಿಯೇ ಇಟ್ಟ ಹೆಸರು. ನಾಯಿ ಮತ್ತೊಮ್ಮೆ ಕತ್ತು ಚಾಚಿ ಖೊಕ್ ಖೊಕ್ ಎಂದಿತು. ಅಷ್ಟಕ್ಕೇ ಮುದುಕಿ ನೆಲಕ್ಕೆ ಮಂಡಿಯೂರಿ, ಶಿಲುಬೆಯ ಗುರುತು ಹಾಕಿಕೊಂಡು ಬಿಕ್ಕಿ ಬಿಕ್ಕಿ ಅಳತೊಡಗಿದಳು.

"ಬಿಟ್ಟು ಹೋಯ್ತು… ನನ್ ಮಗೂನ ಬಿಟ್ಟು ಹೋಯ್ತು ಆ ಹಾಳು ದಮ್ಮು! ನಾಯಿ ತಗೊಂಡ್ಬಿಡ್ತು!"

"ಅತ್ತೇ…" ನೆರೈದಾ ಬಳಲಿದ ದನಿಯಲ್ಲಿ ಹೇಳಿದಳು, "ನಾಯಿ ಕೆಮ್ಮಿದ್ರೆ ನಾಯಿಗೆ ಹುಷಾರಿಲ್ಲ ಅಂತ, ಅಷ್ಟೆ. ಈ ಗೋಡೆ ಮೇಲಿನ ಬೂಷ್ಟು ಅದರ ಮೂಗಿಗೂ ಹೋಗಲ್ವಾ?"

"ಬಂದ್ಲಪ್ಪ ಡಾಕ್ಟರಮ್ಮ! ಚೀಲ ಹೆಗಲಿಗೆ ಹಾಕ್ಕೊಂಡ ಮಾತ್ರಕ್ಕೆ ಎಲ್ಲಾ ಗೊತ್ತಾಗಿಬಿಡ್ತಾ? ನಿನ್ನ ಔಷಧಿ ಎಳೆಯೋ ಪಂಪು ಇಷ್ಟು ವರ್ಷ ಏನ್ ಕಡಿದು ಗುಡ್ಡೆ ಹಾಕ್ತು ಹೇಳು! ಈ ಬಡಪ್ರಾಣಿ ಮಗೂ ಮಗ್ಗುಲಲ್ಲಿ ನಾಲ್ಕು ದಿನ ಮಲಗಿ ಕೆಲಸ ಮುಗಿಸ್ತು!"

ನೆರೈದಾ ಉತ್ತರ ಕೊಡುವ ಮೊದಲೇ ಮಗು ಅವಳ ಲಂಗ ಜಗ್ಗಿ ಕೇಳಿತು. "ಅಮ್ಮಾ, ನನ್ ದಮ್ಮು ಪುಲ್ಗಾಗೆ ಬಂತಂತೆ. ಅದಕ್ಕೆ ತುಂಬಾ ನೋವಾಗುತ್ತಾ?"

ನೆರೈದಾ ಮಗಳ ತಲೆ ಸವರಿ ಒಲೆ ಆರಿಸಲು ಹೋದಳು.

ನಮ್ಮ ಕಾಲುವೆ ದಂಡೆಯಲ್ಲಿ ಈ ನಂಬಿಕೆ ನಿನ್ನೆ ಮೊನ್ನೆಯದಲ್ಲ. ಉಬ್ಬಸದ ಮಗುವಿನ ಹಾಸಿಗೆಯಲ್ಲಿ ಚಿವಾವ ನಾಯಿಯನ್ನು ಮಲಗಿಸಬೇಕು. ಮಗುವಿನ ಎದೆಯ ರೋಗವನ್ನು ನಾಯಿ ಮೆಲ್ಲಗೆ ತನ್ನ ಎದೆಗೆ ಎಳೆದುಕೊಳ್ಳುತ್ತದೆ. ನಾಯಿ ಕೆಮ್ಮಿತೆಂದರೆ ಮಗು ಗೆದ್ದಿತು. ನಮ್ಮ ಅಜ್ಜಿಯರ ಅಜ್ಜಿಯರೂ ಹೀಗೇ ಹೇಳಿದ್ದಾರೆ. ಓದಿದವರು ನಗುತ್ತಾರೆ, ನಗಲಿ ಬಿಡಿ. ಮಗು ಉಸಿರಿಗಾಗಿ ಬಾಯಿ ಬಾಯಿ ಬಿಡುವುದನ್ನು ಪಕ್ಕದಲ್ಲಿ ಕುಳಿತು ನೋಡಿದವರು ನಾಯಿಯನ್ನೇನು, ಕಲ್ಲನ್ನೂ ನಂಬುತ್ತಾರೆ. ಬ್ಲಾಸಿನಾ ಅದನ್ನು ನೋಡಿದವಳು. ಅವಳ ಕಿರಿಯ ಮಗ ಅನ್ಸೆಲ್ಮೊ, ಮೀಸೆ ಚಿಗುರುತ್ತಿದ್ದ ಹುಡುಗ, ಹಿತ್ತಿಲ ಮೆಟ್ಟಿಲ ಮೇಲೆ ಕೈಯಲ್ಲಿ ಪಂಪು ಹಿಡಿದುಕೊಂಡೇ ಪ್ರಾಣ ಬಿಟ್ಟಿದ್ದ. ಅವನಿಗೊಂದು ನಾಯಿ ತರೋಣವೆಂದು ಅವಳು ಗಂಡನ ಕಾಲು ಹಿಡಿದು ಬೇಡಿದ್ದಳು. "ಮನುಷ್ಯರಿಗೇ ತಿನ್ನೋಕಿಲ್ಲ, ನಾಯಿ ಬೇರೆ ಕೇಡು!" ಎಂದು ಆತ ಗದರಿದ್ದ. ಪಂಪು ಕೈಯಲ್ಲಿದ್ದೂ ಮಗ ಉಳಿಯಲಿಲ್ಲ; ನಾಯಿ ಇದ್ದಿದ್ದರೆ ಉಳಿಯುತ್ತಿದ್ದ… ಈ ಒಂದು ಮಾತು ಅವಳ ಹೊಟ್ಟೆಯೊಳಗೆ ಕೆಂಡವಾಗಿ ಕೂತುಬಿಟ್ಟಿತ್ತು. ಮೊಮ್ಮಗಳಿಗೂ ಅದೇ ರೋಗ ಬಂದಾಗ ಅವಳು ಯಾರನ್ನೂ ಕೇಳಲು ಹೋಗಲಿಲ್ಲ. ತನ್ನ ಮದುವೆಯ ಓಲೆ ಕೊಟ್ಟು ಪುಲ್ಗಾನನ್ನು ತಂದಳು.

ಇತ್ತ ಸೊಸೆ ನೆರೈದಾಳ ಕೆಲಸವೇನು ಗೊತ್ತೆ? ಬಡಾವಣೆಯ ದವಾಖಾನೆಯವರು ಆರಿಸಿ, ಕಲಿಸಿ, ಮನೆಮನೆಗೆ ಕಳಿಸುತ್ತಿದ್ದ ಹೆಂಗಸರಲ್ಲಿ ಅವಳೂ ಒಬ್ಬಳು. ಉಬ್ಬಸದ ಮಕ್ಕಳಿರುವ ಮನೆಗೆ ಹೋಗಿ ಪಂಪು ಹೇಗೆ ಹಿಡಿಯಬೇಕು, ಪ್ಲಾಸ್ಟಿಕ್ ಸೋಡಾ ಬಾಟಲಿಯ ತಳಕ್ಕೆ ತೂತು ಕೊರೆದು ಅದರ ಮೂಲಕ ಮಗುವಿಗೆ ಔಷಧಿ ಹೇಗೆ ಎಳೆಸಬೇಕು, ದಿನಾ ಕೊಡುವ ಕಂದು ಪಂಪು ಯಾವುದು, ದಮ್ಮು ಕೆರಳಿದಾಗ ಕೊಡುವ ನೀಲಿ ಪಂಪು ಯಾವುದು, ಎಲ್ಲ ತೋರಿಸಿ ಕೊಡುತ್ತಿದ್ದಳು. ಹಾಸಿಗೆಯಲ್ಲಿ ನಾಯಿ ಬೆಕ್ಕು ಬೇಡ, ಸೊಳ್ಳೆಬತ್ತಿ ಬೇಡ ಎನ್ನುತ್ತಿದ್ದಳು. ಅವಳ ಮನೆಯಲ್ಲೇ ನಾಯಿ ಮಗುವಿನ ದಿಂಬು ಹಂಚಿಕೊಂಡು ಮಲಗುತ್ತಿತ್ತು! ದೀಪದ ಬುಡದಲ್ಲಿ ಕತ್ತಲೆ ಎಂದು ಬೀದಿಯ ಹೆಂಗಸರು ಮುಸಿಮುಸಿ ನಗುತ್ತಿದ್ದರು. ಅವಳೇನು ಹೇಳಿರಲಿಲ್ಲವೆ? ನಾಯಿ ಬಂದ ದಿನವೇ ಹೇಳಿದ್ದಳು. "ಈ ಮನೆ ಯಾರದ್ದು?" ಎಂದು ಅತ್ತೆ ಒಂದೇ ಮಾತು ಕೇಳಿದ್ದಳು. ಬಂದರಿನಲ್ಲಿ ಮೂಟೆ ಇಳಿಸಿ ಸೊಂಟ ಮುರಿದುಕೊಂಡು ಬರುವ ಗಂಡ ಎರಿಬೆರ್ತೊ ಅತ್ತ ಅಮ್ಮನ ಮುಖ, ಇತ್ತ ಹೆಂಡತಿಯ ಮುಖ ನೋಡಿ, "ಬೆರಳುದ್ದದ ನಾಯಿಗೋಸ್ಕರ ಮನೇಲಿ ಯುದ್ಧ ಬೇಡ್ರೇ…" ಎಂದು ಕೈ ಮುಗಿದು ಮಲಗಿಬಿಟ್ಟಿದ್ದ.

ಮನೆ ಬ್ಲಾಸಿನಾಳದ್ದೇ, ನಿಜ. ಅವಳ ಗಂಡ ಕಾಲುವೆಯ ಅಂಚಿನಲ್ಲಿ ಹಲಗೆ ಹೊಡೆದು ಕಟ್ಟಿದ್ದು. ಚಂಡಮಾರುತ ತಗಡನ್ನು ಹಾರಿಸಿಕೊಂಡು ಹೋದ ಮೇಲೆ ನೀಲಿ ತಾಡಪಾಲೇ ಅದಕ್ಕೆ ಸೂರು. ಜೋರು ಮಳೆ ಬಂದರೆ ಕಾಲುವೆ ನೀರು ಕೇಳದೆ ಹೇಳದೆ ಒಳಗೆ ಬಂದು ನಿಲ್ಲುತ್ತಿತ್ತು. ನೀರು ಇಳಿದ ಮೇಲೆ ಹಲಗೆಯ ಮೇಲೆಲ್ಲ ಕಪ್ಪು ಬೂಷ್ಟು. ನೆರೈದಾ ಭಾನುವಾರ ಭಾನುವಾರ ಬ್ಲೀಚ್ ಹಾಕಿ ಉಜ್ಜುತ್ತಿದ್ದಳು. ಮುಂದಿನ ಭಾನುವಾರದ ಹೊತ್ತಿಗೆ ಅದು ಮತ್ತೆ ಹಾಜರು! ಬೇರೆ ಮನೆಗೆ ಹೋದಾಗ "ಗೋಡೆ ಒಣಗಿರಬೇಕು ಕಣ್ರೀ" ಎಂದು ಹೇಳುವಾಗ ಅವಳಿಗೆ ನಾಲಿಗೆ ಎಳೆಯುತ್ತಿತ್ತು. ಕೇಳುವವರೂ ತಮ್ಮ ಸೂರಿನ ತಾಡಪಾಲಿನ ಕಡೆ ನೋಡುತ್ತಿದ್ದರು.

ಇನ್ನೊಂದು ಕಷ್ಟವಿತ್ತು. ಅವಳು ಹೋಗಬೇಕಾದ ಮನೆಗಳ ಹೆಂಗಸರೂ ದುಡಿಯುವವರೇ. ಅವರು ಸಿಗುವುದು ಕೆಲಸಕ್ಕೆ ಹೊರಡುವ ಮುನ್ನ, ಇಲ್ಲವೇ ಸಂಜೆ ಮರಳಿದ ಮೇಲೆ. ಹೀಗಾಗಿ ಯಾರಿ ಏಳುವ ಮೊದಲೇ ನೆರೈದಾ ಮನೆ ಬಿಡುತ್ತಿದ್ದಳು, ಅವಳು ಮಲಗಿದ ಮೇಲೆ ಬರುತ್ತಿದ್ದಳು. ಊರಿನ ಮಕ್ಕಳಿಗೆಲ್ಲ ಪಂಪು ಹಿಡಿಯಲು ಕಲಿಸುವವಳ ಮಗಳಿಗೆ ಬೆಳಿಗ್ಗೆ ಸಂಜೆ ಪಂಪು ಕೊಡುತ್ತಿದ್ದವಳು ಅಜ್ಜಿ. "ಕೊಟ್ರಾ ಅತ್ತೇ?" ಎಂದರೆ "ಕೊಟ್ಟೆ ಕಣೇ, ದಿನಾ ಏನ್ ಪೊಲೀಸಮ್ಮನ ಥರ ಕೇಳ್ತೀಯಾ!" ಎಂಬ ಉತ್ತರ ಸಿದ್ಧವಿರುತ್ತಿತ್ತು. ಪಂಪು ಎತ್ತಿ ಅಲ್ಲಾಡಿಸಿ ನೋಡಿದರೆ ಹಗುರಾಗುತ್ತಿತ್ತು. ಔಷಧಿ ಖರ್ಚಾಗುತ್ತಿದೆ, ಸರಿ, ಎಂದುಕೊಂಡು ಅವಳು ನಿಶ್ಚಿಂತಳಾಗಿದ್ದಳು.

ನಾಯಿ ಕೆಮ್ಮಿದ ಮೇಲೂ ಔಷಧಿ ಖರ್ಚಾಗುತ್ತಲೇ ಇತ್ತು. ಮಗುವೂ ಚೆನ್ನಾಗಿಯೇ ಇತ್ತು. ಓಡುತ್ತಿತ್ತು, ಹಗ್ಗ ಹಾರುತ್ತಿತ್ತು, ಬಾಳೆಕಾಯಿ ಕರಿದದ್ದು ಇನ್ನೂ ಬೇಕು ಎಂದು ತಟ್ಟೆ ಚಾಚುತ್ತಿತ್ತು. ಬ್ಲಾಸಿನಾ ಬೀದಿಯಲ್ಲೆಲ್ಲ ಸಾರಿದ್ದೇ ಸಾರಿದ್ದು! ದೊಮಿನೊ ಆಡುವ ಮುದುಕರ ಮೇಜಿನ ಬಳಿ ನಿಂತು, ಪುಲ್ಗಾನನ್ನು ಕಂಕುಳ ಮಗುವಿನಂತೆ ಎತ್ತಿ ಹಿಡಿದು, "ನೋಡ್ರಪ್ಪಾ, ಇವನೇ ನಮ್ಮನೆ ಡಾಕ್ಟ್ರು!" ಎನ್ನುತ್ತಿದ್ದಳು. ನೆರೈದಾಳ ಮನಸ್ಸೂ ಒಂದೊಂದು ಸಲ ಜಾರುತ್ತಿತ್ತು. ಯಾರಿಗೆ ಗೊತ್ತು… ದೇವರು ಯಾವ ರೂಪದಲ್ಲಿ ಬರುತ್ತಾನೋ… ತಪ್ಪೇನು? ಸೋತು ಸೋತು ಸುಸ್ತಾದ ತಾಯಿಗೆ ಆಸೆ ಪಡುವುದೂ ತಪ್ಪೆ?

ಆ ಕಂದು ಪಂಪಿನ ಔಷಧಿಯ ಗುಣವೇ ಹಾಗೆ. ಬಿಟ್ಟ ದಿನವೇ ತಿಳಿಯುವುದಿಲ್ಲ. ಎದೆ ಇನ್ನೂ ಹಳೆಯ ಔಷಧಿಯ ಬಲದ ಮೇಲೆ ನಗುತ್ತಿರುತ್ತದೆ.

ಆಮೇಲೆ ಮಳೆ ಹಿಡಿಯಿತು. ಕಾಲುವೆ ಉಕ್ಕಿತು, ಕರೆಂಟು ಹೋಯಿತು, ಎರಡು ದಿನವಾದರೂ ಬರಲಿಲ್ಲ. ಆ ಮಧ್ಯಾಹ್ನ ನೆರೈದಾ, ಮಳೆಗೆ ಕೆಲಸಕ್ಕೆ ಹೋಗದೆ ಮನೆಯಲ್ಲೇ ಉಳಿದಿದ್ದ ಹಿಂದಿನ ಬೀದಿಯ ಲಿಸಾಂದ್ರಾಳ ಬಳಿ ಇದ್ದಳು. ಲಿಸಾಂದ್ರಾ ಚಿಕ್ಕ ವಯಸ್ಸಿನ ತಾಯಿ, ಅವಳ ಮಗನಿಗೂ ಉಬ್ಬಸ. ಕತ್ತಿನ ಗುಳಿ ತೋರಿಸಿ ನೆರೈದಾ ಹೇಳುತ್ತಿದ್ದಳು, "ಇಲ್ಲಿ ನೋಡಮ್ಮಾ, ಉಸಿರೆಳೆದಾಗ ಈ ಗುಳಿ ಒಳಕ್ಕೆ ಹೋದ್ರೆ, ಮಾತಾಡೋಕಾಗ್ದೆ ಇದ್ರೆ, ಕಾಯಬಾರ್ದು…"

"ನೆರೈದಾ! ಮಗಳೇ, ಎಲ್ಲಿದ್ದೀಯಾ?" ಹೊರಗೆ ಪಕ್ಕದ ಮನೆಯ ಮುದುಕ ಕ್ರಿಸ್ಪಿನ್ ಮಂಡಿಯುದ್ದ ನೀರಿನಲ್ಲಿ ಏದುತ್ತಾ ನಿಂತಿದ್ದ. "ಬಾ ಬೇಗ… ಯಾರಿ… ಮಗೂಗೆ ಉಸಿರಾಡೋಕೆ ಆಗ್ತಿಲ್ಲ!"

ಅವಳು ಹೇಗೆ ಓಡಿದಳೋ, ಎಲ್ಲಿ ಬಿದ್ದಳೋ, ಅವಳಿಗೇ ಗೊತ್ತಿಲ್ಲ. ಒಳಗೆ ಬಂದರೆ ಮಂಚದ ಮೇಲೆ ಮಗು ಎರಡೂ ಕೈ ಊರಿ ಮುಂದಕ್ಕೆ ಬಾಗಿ ಕುಳಿತಿತ್ತು. ತುಟಿ ನೀಲಿ. ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಒಳಕ್ಕೆ ಸೆಳೆಯುತ್ತಿತ್ತು. ಬ್ಲಾಸಿನಾ ಪುಲ್ಗಾನನ್ನು ಮಗುವಿನ ಎದೆಗೆ ಒತ್ತಿ ಹಿಡಿದು ಕಿರುಚುತ್ತಿದ್ದಳು, "ತಗೊಳ್ಳೋ! ವಾಪಸ್ ತಗೊಳ್ಳೋ, ನಿನ್ ಕಾಲಿಗೆ ಬೀಳ್ತೀನಿ!" ನಾಯಿ ಹೆದರಿ ನಡುಗುತ್ತಿತ್ತು. ಔಷಧಿಯ ಆವಿ ಕೊಡುವ ಯಂತ್ರ ಮೂಲೆಯಲ್ಲಿ ಕೂತಿತ್ತು, ಕರೆಂಟಿಲ್ಲದೆ ಅದೂ ಒಂದು ಡಬ್ಬ. ನೆರೈದಾ ನಾಯಿಯನ್ನು ಕಿತ್ತು ಆಚೆಗಿಟ್ಟು ಕಪಾಟಿನಿಂದ ನೀಲಿ ಪಂಪು ಎಳೆದಳು. ಒತ್ತಿದಳು. ಪುಸ್… ಬರೀ ಗಾಳಿ! ಮತ್ತೆ ಒತ್ತಿದಳು. ಏನೂ ಇಲ್ಲ!

"ಅತ್ತೇ! ಇದು ಖಾಲಿ! ಹೋದ ವಾರ ತಂದಿಟ್ಟಿದ್ದು, ಹೇಗೆ ಖಾಲಿಯಾಯ್ತು?"

ಮುದುಕಿ ನಾಯಿಯ ಕಡೆ ನೋಡಿದಳು.

"ಹೇಳಿ ಅತ್ತೇ!"

"ನಾಯಿಗೆ… ನಾಯಿಗೆ ಕೊಟ್ಟೆ ಕಣೇ…"

"ಏನು?"

"ದಮ್ಮು ಅದಕ್ಕೆ ಹೋಗಿತ್ತಲ್ಲೇ! ಔಷಧಿ ಅದಕ್ಕೆ ತಾನೇ ಬೇಕಾಗಿದ್ದು! ಅದು ಸತ್ರೆ ರೋಗ ಬಂದ ದಾರಿಲೇ ವಾಪಸ್ ಬರುತ್ತೆ ಅಂತಾರೆ… ಅದನ್ನ ಉಳಿಸ್ಕೋಬೇಕಲ್ಲ… ಎರಡೂ ಪಂಪೂ ಅದಕ್ಕೇ ಕೊಟ್ಟೆ… ಮಗೂ ಚೆನ್ನಾಗಿತ್ತಲ್ಲೇ ನೆರೈದಾ… ಚೆನ್ನಾಗಿತ್ತಲ್ಲೇ…!"

ಸಿಟ್ಟು ಮಾಡಲೂ ಹೊತ್ತಿರಲಿಲ್ಲ. ನೆರೈದಾ ಹೆಗಲ ಚೀಲ ಬಗ್ಗಿಸಿ ಸುರಿದಳು. ಬಾಟಲಿ ಬಿತ್ತು, ಚಿತ್ರದ ಹಾಳೆಗಳು ಬಿದ್ದವು, ಪಂಪೂ ಬಿತ್ತು. ಕಲಿಸಲಿಕ್ಕೆಂದು ದವಾಖಾನೆಯವರು ಕೊಟ್ಟಿದ್ದ ಪಂಪು ಅದು. ಒತ್ತಿದರೆ ಸದ್ದು ಬರುತ್ತದೆ, ಔಷಧಿ ಬರುವುದಿಲ್ಲ. ಇಡೀ ಬೀದಿಗೆ ಉಸಿರಿನ ಪಾಠ ಹೇಳಿದ ಆ ತಾಯಿಯ ಕೈಯಲ್ಲಿ ತನ್ನ ಮಗುವಿಗೆ ಕೊಡಲು ಒಂದು ಹನಿ ಔಷಧಿ ಇರಲಿಲ್ಲ! ಅವಳು ಆ ಸುಳ್ಳು ಪಂಪನ್ನು ಹಿಡಿದು ನಿಂತೇ ನಿಂತಳು. ಏನು ಮಾಡಬೇಕೆಂಬುದು ಎಲ್ಲ ಬಾಯಿಪಾಠ ಗೊತ್ತು. ಗೊತ್ತಿದ್ದು ಏನು ಬಂತು?

"ಜರುಗು ಅಕ್ಕಾ, ಜರುಗು!"

ಲಿಸಾಂದ್ರಾ! ಅವಳು ಹಿಂದೆಯೇ ನೀರು ಸೀಳಿಕೊಂಡು ಓಡಿ ಬಂದಿದ್ದಳು. ಕೈಯಲ್ಲಿ ತನ್ನ ಮಗನ ನೀಲಿ ಪಂಪು, ಈಗಷ್ಟೇ ತೂತು ಕೊರೆದ ಬಾಟಲಿ. ನೆರೈದಾಳನ್ನು ಸರಿಸಿ ಅವಳೇ ಮಗುವನ್ನು ಮಡಿಲಿಗೆ ಎಳೆದುಕೊಂಡು ಬಾಟಲಿಯ ಬಾಯನ್ನು ತುಟಿಗಿಟ್ಟಳು. ಪಂಪು ಅಲ್ಲಾಡಿಸಿ ಒತ್ತಿದಳು. "ಎಳೀ ಪುಟ್ಟಾ… ಬಿಡು… ಎಳೀ… ಹಾಂ, ಹಾಗೇ…" ಒತ್ತಿದಳು, ಕಾದಳು, ಮತ್ತೆ ಒತ್ತಿದಳು. ಆಂಬುಲೆನ್ಸು ನಮ್ಮ ಬೀದಿಗೆ ಬರುವುದು ನೀರಿಳಿದ ಮೇಲೆಯೇ. ಕ್ರಿಸ್ಪಿನ್ ತನ್ನ ಹಳೆಯ ಪಿಕಪ್ ಗಾಡಿಯನ್ನು ದೊಡ್ಡ ರಸ್ತೆಯ ತಿರುವಿಗೆ ತಂದು ನಿಲ್ಲಿಸಿದ. ನೆರೈದಾ ಮಗುವನ್ನು ಎತ್ತಿ ಎದೆಗವಚಿಕೊಂಡು ನೀರಿಗಿಳಿದಳು. ಲಿಸಾಂದ್ರಾ ಪಕ್ಕದಲ್ಲೇ ನಡೆಯುತ್ತಾ ಪಂಪು ಒತ್ತುತ್ತಾ ಬಂದಳು. ಗಾಡಿ ಕಣ್ಮರೆಯಾಗುವವರೆಗೂ ಬ್ಲಾಸಿನಾ ಬಾಗಿಲ ನೀರಿನಲ್ಲಿ ನಿಂತು ಎದೆ ಎದೆ ಬಡಿದುಕೊಳ್ಳುತ್ತಿದ್ದಳು.

ಮಗು ಉಳಿಯಿತು. ಆಸ್ಪತ್ರೆಯವರು ಮುಖಕ್ಕೆ ಕೊಳವೆ ಕಟ್ಟಿ, ಕೈಗೆ ಸೂಜಿ ಚುಚ್ಚಿ, ಹೇಗೋ ದಡ ಸೇರಿಸಿದರು. ಮರುದಿನ ಬೆಳಿಗ್ಗೆ ಕಣ್ಣು ಬಿಟ್ಟಾಗ ಅದು ಕೇಳಿದ ಮೊದಲ ಮಾತು, "ಪುಲ್ಗಾ ಸತ್ತು ಹೋಯ್ತಾ?" ಎಂದು. ಇಲ್ಲ ಚಿನ್ನಾ ಎಂದ ಮೇಲೆ ಪಿಸುಗುಟ್ಟಿತು, "ನಂಗೆ ಮೊದಲೇ ಕೆಮ್ಮು ಬರ್ತಿತ್ತಮ್ಮಾ. ದಿಂಬಿಗೆ ಬಾಯಿಟ್ಟು ಕೆಮ್ಮಿಬಿಡ್ತಿದ್ದೆ. ಅಜ್ಜಿ ಅಷ್ಟು ಖುಷಿಯಾಗಿದ್ಲಲ್ಲ… ಹೇಳಿದ್ರೆ ಅಳ್ತಾಳೆ ಅಂತ…"

ನೆರೈದಾ ಎದ್ದು ಆಸ್ಪತ್ರೆಯ ಪಡಸಾಲೆಗೆ ಬಂದಳು. ಅಲ್ಲಿ ಬೆಂಚಿನ ಮೇಲೆ ಬ್ಲಾಸಿನಾ ಕುಳಿತಿದ್ದಳು, ಕೈಯಲ್ಲಿ ಜಪಮಾಲೆ. ಪಕ್ಕದಲ್ಲಿ ಎರಿಬೆರ್ತೊ, ಬಂದರಿನ ಕೊಳೆ ಮೈಮೇಲೆ ಹಾಗೇ ಇತ್ತು. ಹಿಡಿದಿಟ್ಟುಕೊಂಡಿದ್ದೆಲ್ಲ ಆಗ ಕಟ್ಟೆಯೊಡೆಯಿತು.

"ಕೊಂದು ಹಾಕ್ಬಿಡ್ತಿದ್ರಲ್ಲ ಅತ್ತೇ! ನನ್ ಮಗೂನ ಕೊಂದೇ ಹಾಕ್ಬಿಡ್ತಿದ್ರಲ್ಲ! ದಿನಾ ಕೇಳ್ತಿದ್ದೆ, ಕೊಟ್ರಾ ಅಂತ. ಕೊಟ್ಟೆ ಕಣೇ ಅಂತಿದ್ರಿ! ಯಾರಿಗೆ ಕೊಟ್ಟೆ ಅಂತ ನಾನು ಕೇಳ್ಬೇಕಾಗಿತ್ತಾ? ಮನುಷ್ಯರಾ ನೀವು?"

"ನೆರೈದಾ, ಮೆಲ್ಲಗೆ…" ಎಂದ ಎರಿಬೆರ್ತೊ.

"ನೀವು ಬಾಯಿ ಮುಚ್ಚಿ! ಯುದ್ಧ ಬೇಡ ಅಂದ್ರಲ್ಲ, ಅವತ್ತೇ ಮಾಡಿದ್ದಿದ್ರೆ ಚೆನ್ನಾಗಿತ್ತು!"

ಬ್ಲಾಸಿನಾ ತಲೆ ಎತ್ತಲಿಲ್ಲ. "ಬೈಯಿ ಮಗಾ… ಇನ್ನೂ ಬೈಯಿ," ಎಂದಳು. "ನನ್ ಅನ್ಸೆಲ್ಮೊ ಹೋದಾಗ ನನ್ನ ಯಾರೂ ಬೈಲಿಲ್ಲ. ಎಲ್ರೂ ದೇವರ ಇಷ್ಟ ಅಂದ್ರು. ಒಬ್ರಾದ್ರೂ ನಿಂದೇ ತಪ್ಪು ಅಂದಿದ್ರೆ, ಅದನ್ನ ತಿದ್ಕೊಂಡು ಬದುಕ್ತಿದ್ದೆ. ಯಾವ ತಪ್ಪು ಅಂತ ಗೊತ್ತಾಗ್ದೆ… ನಾಯಿ ತರಲಿಲ್ಲ, ಅದೇ ತಪ್ಪು ಅಂದ್ಕೊಂಡೆ. ಅದೊಂದನ್ನಾದ್ರೂ ತಿದ್ದೋಣ ಅಂದ್ಕೊಂಡೆ ಕಣೇ…"

ನೆರೈದಾ ಅತ್ತೆಯ ಬೆಂಚಿನ ಇನ್ನೊಂದು ತುದಿಯಲ್ಲಿ ಕುಸಿದು ಕುಳಿತಳು. ಇಬ್ಬರೂ ಬೇರೆ ಬೇರೆ ಕಡೆ ಮುಖ ಮಾಡಿ ಅತ್ತರು.

ಅಷ್ಟರಲ್ಲಿ ಡಾಕ್ಟರು ಬಂದರು. ಒಳ್ಳೆಯ ಮನುಷ್ಯ, ಮಾತು ಮೃದು. "ಈ ಮಗೂನ ವಾಪಸ್ ಅದೇ ಮನೆಗೆ ಕರ್ಕೊಂಡು ಹೋಗ್ಬೇಡಿ. ಗೋಡೆ ಒಣಗಿ, ಸೂರು ಸರಿಯಾಗೋ ತನಕ ಬೇಡ. ಇನ್ನೊಂದು ಸಲ ಹೀಗಾದ್ರೆ ನಾನು ಭರವಸೆ ಕೊಡಲಾರೆ."

"ಎಲ್ಲಿಗೆ ಕರ್ಕೊಂಡು ಹೋಗ್ಲಿ ಡಾಕ್ಟ್ರೇ?" ನೆರೈದಾ ಕೇಳಿದಳು.

ಅವರು ಬಾಗಿಲ ಕಡೆ ನೋಡಿದರು. ಆ ಪ್ರಶ್ನೆಗೆ ಅವರ ಬಳಿ ಚೀಟಿ ಇರಲಿಲ್ಲ. ಪಾಪ, ಇದೇ ಮಾತನ್ನು ನೆರೈದಾಳೇ ಎಷ್ಟು ಮನೆಗಳಲ್ಲಿ ಹೇಳಿದ್ದಾಳೆ, ಎಷ್ಟು ತಾಯಂದಿರು ಅವಳನ್ನು ಹೀಗೇ ಕೇಳಿದ್ದಾರೆ! ಅವಳೂ ಹೀಗೇ ಬಾಗಿಲ ಕಡೆ ನೋಡಿ ಎದ್ದು ಬಂದಿದ್ದಾಳೆ.

ಬಹಳ ಹೊತ್ತು ತಲೆ ಕೆಡಿಸಿಕೊಂಡ ಮೇಲೆ ಒಂದೇ ದಾರಿ ಕಂಡಿತು. ಎರಿಬೆರ್ತೊನ ತಂಗಿ ಮಿಗ್ದಾಲಿಯಾ ದಕ್ಷಿಣದ ಕೊವಾಮೊದಲ್ಲಿದ್ದಳು. ಒಣ ಹವೆಯ ಊರು, ಸಿಮೆಂಟಿನ ಮನೆ. ಫೋನಿನಲ್ಲಿ ಕೇಳಿದ್ದೇ ತಡ, "ಅಣ್ಣಾ, ಕೇಳ್ಬೇಕಾ? ನಾಳೆನೇ ಕಳಿಸು" ಎಂದಳು. ಆದರೆ ಅವಳೂ ಬೆಳಿಗ್ಗೆ ಹೋದರೆ ಸಂಜೆ ಬರುವವಳು, ಇರುವುದು ಒಂದೇ ಕೋಣೆ. ಮಗುವಿನ ಜೊತೆ ಇನ್ನೊಬ್ಬರು ಇರಬೇಕು. ಒಬ್ಬರಿಗಿಂತ ಹೆಚ್ಚಿಗೆ ಜಾಗವಿಲ್ಲ. ನೆರೈದಾ ಹೋದರೆ ದವಾಖಾನೆಯ ಕೆಲಸ ಹೋಯಿತು. ಕೆಲಸ ಹೋದರೆ ಅದರ ಜೊತೆಗೆ ಮಗುವಿಗೆ ಸಿಗುತ್ತಿದ್ದ ಔಷಧಿಯೂ ನಿಂತಿತು. ಎರಿಬೆರ್ತೊ ಹೋದರೆ ಒಲೆ ಆರಿತು. ಉಳಿದವರು ಯಾರು?

ಮೂವರೂ ಮುಖ ಮುಖ ನೋಡಿಕೊಂಡರು. ಕೊನೆಗೆ ಬ್ಲಾಸಿನಾಳೇ, "ಬೇಡ. ನನ್ ಕೈಗೆ ಕೊಡ್ಬೇಡಿ. ನನ್ ಕೈ ಕೆಟ್ಟದ್ದು…" ಎಂದು ಎರಡೂ ಕೈಯನ್ನು ಹಳೆಯ ಅಂಗಿಯ ಮಡಿಕೆಯೊಳಗೆ ಬಚ್ಚಿಟ್ಟುಕೊಂಡಳು.

ನೆರೈದಾ ಕಿಟಕಿಯ ಬಳಿ ಹೋಗಿ ನಿಂತಳು. ದೇವರೇ, ಇದೆಂಥ ಪರೀಕ್ಷೆ! ಯಾರ ಕೈಯಿಂದ ಮಗಳನ್ನು ಕಿತ್ತುಕೊಂಡು ಓಡಿ ಬಂದಳೋ ಅದೇ ಕೈಗೆ ಮತ್ತೆ ಒಪ್ಪಿಸಬೇಕೆ? ಇಲ್ಲವೆಂದರೆ ಆ ಗೋಡೆಗಳಿಗೆ ಒಪ್ಪಿಸಬೇಕು. ಅವಳಿಗೆ ಇನ್ನೊಂದು ಮಾತೂ ಹೊಳೆಯಿತು. ಬೀದಿಯ ಹೆಂಗಸರನ್ನೆಲ್ಲ ಪಕ್ಕದಲ್ಲಿ ಕೂರಿಸಿಕೊಂಡು, ನಗಿಸಿ, ಅವರ ಕೈ ಹಿಡಿದು ಪಂಪು ಒತ್ತಿಸಿದ್ದಾಳೆ. ಅತ್ತೆಗೆ ಮಾತ್ರ ಬಾಗಿಲಲ್ಲಿ ನಿಂತು ಅಪ್ಪಣೆ ಮಾಡಿ ಹೊರಟುಬಿಟ್ಟಿದ್ದಾಳೆ. ಹೊತ್ತಿರಲಿಲ್ಲ. ಮನಸ್ಸೂ ಇರಲಿಲ್ಲ.

ಅವಳು, ಅತ್ತೆ ಬರುವಾಗ ಎತ್ತಿ ತಂದಿದ್ದ ತನ್ನ ಚೀಲದಿಂದ ಬಾಟಲಿಯನ್ನೂ ಆ ಔಷಧಿಯಿಲ್ಲದ ಪಂಪನ್ನೂ ತೆಗೆದುಕೊಂಡು ಬಂದು ಅತ್ತೆಯ ಎದುರು ನೆಲದ ಮೇಲೆ ಕುಳಿತಳು.

"ಕೈ ಕೊಡಿ ಅತ್ತೇ."

"ನಂಗ್ ಬರಲ್ಲ ಕಣೇ…"

"ಬರುತ್ತೆ. ಕೊಡಿ. ಹೀಗೆ ಹಿಡೀರಿ… ಮೊದಲು ಅಲ್ಲಾಡಿಸಿ. ಇನ್ನೂ ಜೋರಾಗಿ, ಚಿಕ್ಕವನಿದ್ದಾಗ ಎರಿಬೆರ್ತೊನ ಕಿವಿ ಹಿಂಡ್ತಿದ್ರಲ್ಲ, ಅಷ್ಟು ಜೋರಾಗಿ."

ಕಣ್ಣೀರಿನ ನಡುವೆಯೇ ಮುದುಕಿಯ ಬಾಯಿಂದ ಒಂದು ಬಿಕ್ಕು ನಗು ಬಂತು. "ಆಮೇಲೆ?"

"ಬಾಯಿಗಿಡಿ, ನಾನೇ ಯಾರಿ ಅಂದ್ಕೊಳ್ಳಿ. ಒತ್ತಿ. ಹಾಂ. ಈಗ ನಾನು ಎಳೀತೀನಿ, ನೀವು ನೋಡ್ತಾ ಇರಿ. ಅವಸರ ಬೇಡ. ಆದ್ಮೇಲೆ ಬಾಯಿ ಮುಕ್ಕಳಿಸಿ ಉಗೀಬೇಕು, ಮರೀಬೇಡಿ. ಅವಳು ನಗ್ತಿರ್ಲಿ, ಕುಣೀತಿರ್ಲಿ, ಏನೇ ಇರ್ಲಿ, ಬೆಳಿಗ್ಗೆ ಸಂಜೆ ಕೊಡ್ಬೇಕು. ಚೆನ್ನಾಗಿದ್ದಾಳೆ ಅಂತ ಬಿಡ್ಬಾರ್ದು. ಚೆನ್ನಾಗಿರೋದೇ ಇದರಿಂದ."

"ಅನ್ಸೆಲ್ಮೊಗೆ ಈ ಕಂದು ಪಂಪು ಇರ್ಲಿಲ್ಲ ಕಣೇ," ಬ್ಲಾಸಿನಾ ತಟ್ಟನೆ ಹೇಳಿದಳು. "ನೀಲಿದೊಂದೇ ಇತ್ತು. ದಿನಾ ಕೊಡೋದು ಅಂತ ಒಂದಿದೆ ಅಂತ ನಂಗ್ಯಾರೂ ಹೇಳ್ಲಿಲ್ಲ… ಯಾರೂ ಮನೆಗೆ ಬರ್ಲಿಲ್ಲ ಆಗ…"

ನೆರೈದಾ ಅತ್ತೆಯ ಮಂಡಿಯ ಮೇಲೆ ತಲೆಯಿಟ್ಟಳು. ಮುದುಕಿಯ ಕೈ ಸೊಸೆಯ ಕೂದಲ ಮೇಲೆ ಬಂದು ನಿಂತಿತು. ಆಮೇಲೆ ಇಬ್ಬರೂ ಮೊದಲಿನಿಂದ ಮತ್ತೆ ಶುರು ಮಾಡಿದರು.

ಪುಲ್ಗಾನನ್ನು ಬ್ಲಾಸಿನಾ ತಾನೇ ಎತ್ತಿಕೊಂಡು ಹೋಗಿ ಕ್ರಿಸ್ಪಿನ್‌ನ ಕೈಗೆ ಕೊಟ್ಟು ಬಂದಳು. "ಇವನಿಗೆ ಕಾಫಿಲಿ ಬ್ರೆಡ್ಡು ಅದ್ದಿ ಕೊಟ್ರೆ ಇಷ್ಟ," ಎಂದಷ್ಟೇ ಹೇಳಿದಳಂತೆ. ಹೊರಡುವ ದಿನ ಯಾರಿ ನಾಯಿಗಾಗಿ ಅತ್ತಿತು, ಆಮೇಲೆ ಅಮ್ಮನಿಗಾಗಿ ಅತ್ತಿತು. "ನಾನು ಕೆಮ್ಮಲ್ಲ ಅಮ್ಮಾ, ಇನ್ಮೇಲೆ ಕೆಮ್ಮೋದೇ ಇಲ್ಲ, ನಂಗೆ ಇಲ್ಲೇ ಇರೋಕೆ ಬಿಡು!" ಎಂದು ಗಾಡಿಯ ಕಿಟಕಿಯಿಂದ ಕೈ ಚಾಚಿತು. ನೆರೈದಾ ಆ ಕೈಯನ್ನು ಒಳಗೆ ಮಡಚಿಟ್ಟು, "ಕೆಮ್ಮು ಬಂದ್ರೆ ಕೆಮ್ಮಬೇಕು ಚಿನ್ನಾ, ಅಜ್ಜಿಗೆ ಹೇಳ್ಬೇಕು," ಎಂದಳು. ಗಾಡಿ ಹೋಯಿತು. ಅಷ್ಟು ಹೊತ್ತು ನಗುತ್ತಲೇ ಇದ್ದವಳು ಅಲ್ಲಿಯೇ ರಸ್ತೆಯಂಚಿನಲ್ಲಿ ಕುಳಿತುಬಿಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಎದ್ದು ಚೀಲ ಹೆಗಲಿಗೇರಿಸಿ ಕೆಲಸಕ್ಕೆ ಹೋದಳು. ಆ ದಿನವೂ ಒಂದು ಮನೆಯಲ್ಲಿ ಮಗು ಕಾಯುತ್ತಿತ್ತು.

ಸಂಜೆ ಕೊವಾಮೊದಿಂದ ಫೋನು ಬಂತು.

"ಕೊಟ್ಟೆ ಕಣೇ," ಬ್ಲಾಸಿನಾಳ ದನಿ ದೂರದಿಂದ ಕೇಳಿತು. "ಅಲ್ಲಾಡಿಸಿದೆ, ಒತ್ತಿದೆ, ಬಾಯಿ ಮುಕ್ಕಳಿಸಿದ್ಲು. ಯಾರಿಗೆ ಕೊಟ್ಟೆ ಅಂತ ಕೇಳು."

"ಅತ್ತೇ…"

"ಕೇಳು ಅಂದೆ."

"ಯಾರಿಗೆ ಕೊಟ್ರಿ?"

"ಮಗೂಗೆ ಕೊಟ್ಟೆ. ದೇವರಾಣೆ, ಮಗೂಗೇ ಕೊಟ್ಟೆ." ದನಿ ಒಡೆಯಿತು. "ಈಗ ತಾನೇ ಮಲಗಿದ್ಲು. ನಿನ್ನ ಕೇಳ್ತಾ ಕೇಳ್ತಾನೇ ನಿದ್ದೆ ಬಂತು."

ನೆರೈದಾ ಬರಿದಾದ ಮಂಚದ ಮೇಲೆ ಕುಳಿತಿದ್ದಳು. "ಅತ್ತೇ, ಫೋನು ಅವಳ ಎದೆ ಹತ್ರ ಇಡ್ತೀರಾ? ಒಂದು ಸಲ ಕೇಳ್ತೀನಿ."

ಬಟ್ಟೆಯ ಸರಸರ ಸದ್ದು. ಆಮೇಲೆ ಸಣ್ಣಗೆ, ಅಲೆಯಂತೆ ಏರಿ ಇಳಿಯುವ ಒಂದು ಸದ್ದು… ಸುಂಯ್… ಸುಂಯ್… ನೆರೈದಾ ಉಸಿರು ಬಿಗಿಹಿಡಿದು ಫೋನನ್ನು ಕಿವಿಗೆ ಒತ್ತಿಕೊಂಡಳು. ನೂರಾರು ಮಕ್ಕಳ ಎದೆಗೆ ಕಿವಿಗೊಟ್ಟವಳು ಅವಳು. ಆದರೂ ಆ ಸುಂಯ್ ಎನ್ನುವುದು ದೂರದ ಫೋನಿನದೋ, ಮಗುವಿನ ಎದೆಯೊಳಗಿನದೋ, ಎಷ್ಟು ಕೇಳಿದರೂ ಅವಳಿಗೆ ತಿಳಿಯಲಿಲ್ಲ!

"ಅತ್ತೇ, ತೆಗೀಬೇಡಿ… ಇನ್ನೊಂಚೂರು ಹೊತ್ತು ಹಾಗೇ ಇಡಿ… ತೆಗೀಬೇಡಿ ಅತ್ತೇ…"

ಫೋನನ್ನು ಮಗುವಿನ ಎದೆಗೆ ಹಿಡಿದಿದ್ದ ಮುದುಕಿಗೆ ಸೊಸೆಯ ಮಾತು ಕೇಳಿಸುವಂತಿರಲಿಲ್ಲ. ಆದರೂ ಅವಳು ಕೈ ತೆಗೆಯಲಿಲ್ಲ.